ಬಣ್ಣ ಹೊಡೆಯುವ ಮೊದಲು ವೆಲ್ಡ್ ನೋಡುವುದು ಹೇಗೆ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ನಾಟಿ ಹತ್ತಿರ ಬಂತು ಅಂದರೆ ವೆಲ್ಡಿಂಗ್ ಶಾಪ್‌ಗಳಿಗೆ ಪುರುಸೊತ್ತೇ ಇರುವುದಿಲ್ಲ. ಕೇಜ್ ವ್ಹೀಲ್, ಟ್ರ್ಯಾಲಿ, ಕಲ್ಟಿವೇಟರ್ ಎಲ್ಲಾ ಸಾಲಾಗಿ ನಿಂತಿರುತ್ತವೆ. ಕೆಲಸ ಮುಗಿದ ಮೇಲೆ ನಡೆಯುವ ಮಾತು ಮಾತ್ರ ಎಲ್ಲಾ ಕಡೆ ಒಂದೇ. "ಗಟ್ಟಿ ಆಗೇತಿಲ್ರಿ?" ಅಂತ ರೈತರು ಕೇಳುತ್ತಾರೆ. "ಏನೂ ಆಗಂಗಿಲ್ರಿ ಗೌಡ್ರ, ನಡೀರಿ" ಅಂತ ಮೇಸ್ತ್ರಿ ಹೇಳುತ್ತಾರೆ. ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಮೇಲೆ ರೆಡ್ ಆಕ್ಸೈಡ್ ಬಣ್ಣ ಬಿದ್ದಿರುತ್ತದೆ, ಇನ್ನು ನೋಡಲು ಏನೂ ಉಳಿದಿರುವುದಿಲ್ಲ.

ನಾನು ತೋರಣಗಲ್ಲು ಸುತ್ತಮುತ್ತ ಫ್ಯಾಬ್ರಿಕೇಶನ್ ಕೆಲಸದಲ್ಲಿ ಇರುವವನು. ದೊಡ್ಡ ಪ್ಲಾಂಟ್‌ಗಳಲ್ಲಿ ಪ್ರತಿ ಜಾಯಿಂಟನ್ನೂ ಒಬ್ಬರು ನೋಡಿ ಸಹಿ ಹಾಕಿದ ಮೇಲೆಯೇ ಪೇಂಟಿಂಗ್‌ಗೆ ಬಿಡುತ್ತಾರೆ. ಊರಿನ ಶಾಪ್‌ನಲ್ಲಿ ಆ ಕೆಲಸವನ್ನು ನೀವೇ ಮಾಡಿಕೊಳ್ಳಬೇಕು. ಅದಕ್ಕೆ ಮೆಷಿನ್ ಬೇಡ. ಹತ್ತು ಹನ್ನೆರಡು ಮಾತು ಗೊತ್ತಿರಬೇಕು, ಒಂದು ಟಾರ್ಚ್ ಇರಬೇಕು, ಬಣ್ಣ ಹೊಡೆಯುವ ಮುಂಚೆ ಹೋಗಿ ನಿಲ್ಲಬೇಕು. ವೆಲ್ಡ್ ಮೇಲೆ ಚೆನ್ನಾಗಿ ಕಾಣುವುದು ಬೇರೆ, ಕಬ್ಬಿಣಕ್ಕೆ ಹಿಡಿದಿರುವುದು ಬೇರೆ. ಈ ಲೇಖನ ಪೂರ್ತಿ ಆ ಎರಡನೆಯದರ ಬಗ್ಗೆಯೇ ಇದೆ. ಕೆಲಸ ಕೊಡುವವರಿಗೂ, ಈಗಷ್ಟೇ ಐಟಿಐ ವೆಲ್ಡರ್ ಟ್ರೇಡ್ ಸೇರಿದ ಹುಡುಗರಿಗೂ ಉಪಯೋಗಕ್ಕೆ ಬರಲಿ ಅಂತ ಬರೆದಿದ್ದೇನೆ.

ಹಂತ 1: ವೆಲ್ಡ್‌ನ ಅಂಗಾಂಗ ಗುರುತಿಸಿ

ಯಾವುದಾದರೂ ಹಳೆಯ ಟ್ರ್ಯಾಲಿ ಹತ್ತಿರ ಹೋಗಿ. ಚಾನಲ್ (ಸಿ ಆಕಾರದ ಉಕ್ಕಿನ ತೊಲೆ) ಮೇಲೆ ಪ್ಲೇಟ್ ನಿಲ್ಲಿಸಿ, ಮೂಲೆಯಲ್ಲಿ ವೆಲ್ಡ್ ಮಾಡಿರುವ ಜಾಗ ಹುಡುಕಿ. ಹೀಗೆ ಎರಡು ತುಂಡು ಕೂಡುವ ಮೂಲೆಗೆ ತುಂಬಿದ ತ್ರಿಕೋನದ ವೆಲ್ಡ್‌ಗೆ ಫಿಲೆಟ್ ಅನ್ನುತ್ತಾರೆ. ಊರಲ್ಲಿ ನಡೆಯುವ ಕೆಲಸದಲ್ಲಿ ಬಹುಪಾಲು ಇದೇ. ಎರಡು ಪ್ಲೇಟನ್ನು ಅಂಚಿಗೆ ಅಂಚು ಇಟ್ಟು ಜೋಡಿಸಿದರೆ ಅದು ಬಟ್ ಜಾಯಿಂಟ್. ಒಂದರ ಮೇಲೊಂದು ಹತ್ತಿಸಿಟ್ಟು ಜೋಡಿಸಿದರೆ ಲ್ಯಾಪ್. ಒಂದನ್ನು ಇನ್ನೊಂದರ ಮೇಲೆ ನೆಟ್ಟಗೆ ನಿಲ್ಲಿಸಿದರೆ ಟಿ ಜಾಯಿಂಟ್.

ಈಗ ಆ ಫಿಲೆಟ್ ಮೇಲೆ ಬೆರಳಾಡಿಸಿ. ಕಣ್ಣಿಗೆ ಕಾಣುವ ಮೇಲ್ಮೈ ಫೇಸ್. ಆ ಫೇಸ್ ಮುಗಿದು ಪ್ಲೇಟ್ ಶುರುವಾಗುವ ಗೆರೆ ಟೋ. ಮೇಲೊಂದು ಟೋ, ಕೆಳಗೊಂದು ಟೋ ಇರುತ್ತದೆ. ಎರಡು ಪ್ಲೇಟ್ ಕೂಡುವ ಒಳಮೂಲೆ ರೂಟ್. ಅದು ಹೊರಗೆ ಕಾಣುವುದಿಲ್ಲ, ಆದರೆ ವೆಲ್ಡ್ ಹಿಡಿಯಬೇಕಾದ ಜಾಗ ಅದೇ. ರೂಟ್‌ನಿಂದ ಒಂದೊಂದು ಟೋ ತನಕ ಇರುವ ಉದ್ದ ಲೆಗ್. "ಆರು ಎಂಎಂ ವೆಲ್ಡ್" ಅಂತ ಹೇಳುವಾಗ ಅಳೆಯುವುದು ಈ ಲೆಗ್‌ನ್ನು. ರೂಟ್‌ನಿಂದ ಫೇಸ್‌ಗೆ ಇರುವ ಅತಿ ಹತ್ತಿರದ ದಾರಿ ಥ್ರೋಟ್. ಭಾರ ಹೊರುವುದು ಥ್ರೋಟ್.

ಎರಡೂ ಲೆಗ್ ಸಮ ಇದ್ದು ಫೇಸ್ ಚಪ್ಪಟೆ ಇದ್ದರೆ ಥ್ರೋಟ್ ಅಂದರೆ ಲೆಗ್‌ನ 0.7 ಭಾಗ. 6 ಮಿ.ಮೀ. ಲೆಗ್ ಇದ್ದರೆ 4.2 ಮಿ.ಮೀ. ಥ್ರೋಟ್ ಸಿಗುತ್ತದೆ. ಫೇಸ್ ಒಳಗೆ ತಗ್ಗಿದ್ದರೆ ಲೆಗ್ 6 ಇದ್ದರೂ ಥ್ರೋಟ್ 3ಕ್ಕೆ ಇಳಿದಿರಬಹುದು. ಹಾಗಂತ ಗುಡ್ಡದ ಹಾಗೆ ಮೇಲೆ ಉಬ್ಬಿಸುವುದೂ ಒಳ್ಳೆಯದಲ್ಲ. ಉಬ್ಬಿದ ವೆಲ್ಡ್‌ನಲ್ಲಿ ಟೋ ಹತ್ತಿರ ಚೂಪಾದ ಮೂಲೆ ಬೀಳುತ್ತದೆ. ಮುಂದೆ ಕ್ರ್ಯಾಕ್ ಹುಟ್ಟಿದರೆ ಅಲ್ಲೇ ಹುಟ್ಟುತ್ತದೆ. ಚಪ್ಪಟೆ ಅಥವಾ ಸ್ವಲ್ಪವೇ ಉಬ್ಬು ಇದ್ದರೆ ಸಾಕು.

ಇನ್ನು ಮೂರೇ ಮಾತು. ರಾಡ್‌ನಿಂದ ಕರಗಿ ಬಂದ ಲೋಹದ ಜೊತೆ ಪ್ಲೇಟಿನ ಲೋಹವೂ ಕರಗಿ ಒಂದಾದರೆ ಅದು ಫ್ಯೂಷನ್. ಆ ಕರಗುವಿಕೆ ಜಾಯಿಂಟ್ ಒಳಗೆ ಎಷ್ಟು ಆಳ ಹೋಗಿದೆ ಅನ್ನುವುದು ಪೆನಿಟ್ರೇಶನ್. ವೆಲ್ಡ್ ಪಕ್ಕದಲ್ಲಿ ಕರಗದಿದ್ದರೂ ಕಾದು ಗುಣ ಬದಲಾದ ಪ್ಲೇಟಿನ ಪಟ್ಟಿಗೆ ಹೀಟ್ ಅಫೆಕ್ಟೆಡ್ ಝೋನ್, ಚಿಕ್ಕದಾಗಿ ಹಾಝ್ ಅನ್ನುತ್ತಾರೆ. ಕಾರ್ಬನ್ ಜಾಸ್ತಿ ಇರುವ ಉಕ್ಕಿನಲ್ಲಿ ತಾಪತ್ರಯ ಶುರುವಾಗುವುದೇ ಈ ಪಟ್ಟಿಯಲ್ಲಿ.

ಹಂತ 2: ಕೆಲಸ ಶುರುವಾಗುವ ಮುಂಚೆ ಜಾಯಿಂಟ್ ನೋಡಿ

ಅರ್ಧ ಗುಣಮಟ್ಟ ಆರ್ಕ್ (ರಾಡ್ ತುದಿಗೂ ಪ್ಲೇಟಿಗೂ ನಡುವಿನ ವಿದ್ಯುತ್ ಕಿಡಿ) ಹೊತ್ತುವ ಮುಂಚೆಯೇ ತೀರ್ಮಾನ ಆಗಿಬಿಟ್ಟಿರುತ್ತದೆ. ತುಕ್ಕು, ಹಳೆ ಬಣ್ಣ, ಗ್ರೀಸ್, ಗದ್ದೆ ಕೆಸರು ಇದ್ದ ಜಾಗದಲ್ಲಿ ವೆಲ್ಡ್ ಮಾಡಿದರೆ ಅದರ ಗ್ಯಾಸ್ ವೆಲ್ಡ್ ಒಳಗೇ ಸಿಕ್ಕಿಕೊಂಡು ತೂತು ಬೀಳುತ್ತವೆ. ಸಂಡೂರು ಕಡೆ ಹೊರಗೆ ಇಟ್ಟ ಪ್ಲೇಟ್ ಮೇಲೆ ಕೆಂಪು ಅದಿರಿನ ಧೂಳು ಕೂತಿರುತ್ತದೆ. ಅದನ್ನು ವೈರ್ ಬ್ರಶ್ ಹಾಕಿ ತೆಗೆಯಲೇಬೇಕು. ಜಾಯಿಂಟ್‌ನ ಎರಡೂ ಕಡೆ ಒಂದು ಇಂಚು ಜಾಗ ಹೊಳೆಯುವ ತನಕ ಗ್ರೈಂಡ್ ಮಾಡಿಸಿ. ಐದು ನಿಮಿಷದ ಕೆಲಸ ಇದು.

ಆಮೇಲೆ ಗ್ಯಾಪ್. ಪ್ಲೇಟ್ ಪ್ಲೇಟಿಗೆ ಕೂತಿರಬೇಕು. ಫಿಲೆಟ್ ವೆಲ್ಡ್‌ನಲ್ಲಿ 2 ಮಿ.ಮೀ.ಗಿಂತ ಜಾಸ್ತಿ ಸಂದು ಇದ್ದರೆ ಆ ಸಂದಿನಷ್ಟನ್ನು ಲೆಗ್‌ಗೆ ಕೂಡಿಸಬೇಕು. 6 ಮಿ.ಮೀ. ಬೇಕಾದ ಕಡೆ 3 ಮಿ.ಮೀ. ಸಂದು ಇದ್ದರೆ 9 ಮಿ.ಮೀ. ಹಾಕಬೇಕು ಅಂತ ಅರ್ಥ. ಸಂದಿಗೆ ಕಬ್ಬಿಣದ ಸರಳು ತುರುಕಿ ಮೇಲೆ ವೆಲ್ಡ್ ಎಳೆಯುವ ಅಭ್ಯಾಸ ಕೆಲವು ಕಡೆ ಇದೆ. ಅದನ್ನು ಒಪ್ಪಬೇಡಿ. ಮೇಲೆ ನೋಡಿದರೆ ಭರ್ತಿ ಕಾಣುತ್ತದೆ, ಒಳಗೆ ಸರಳು ಸುಮ್ನೆ ಸಡಿಲ ಕೂತಿರುತ್ತದೆ.

ಬಟ್ ಜಾಯಿಂಟ್ ಆದರೆ ದಪ್ಪ ನೋಡಿ. 3 ಮಿ.ಮೀ. ತನಕ ಅಂಚು ಹಾಗೇ ಇಟ್ಟು ವೆಲ್ಡ್ ಮಾಡಬಹುದು. 6 ಮಿ.ಮೀ. ಪ್ಲೇಟ್ ಅಂದರೆ ಎರಡೂ ಕಡೆಯಿಂದ ವೆಲ್ಡ್ ಆಗಬೇಕು, ಇಲ್ಲವೇ ಅಂಚನ್ನು ಗ್ರೈಂಡ್ ಮಾಡಿ ವಿ ತೆಗೆಯಬೇಕು. ವಿ ಒಟ್ಟು 60 ಡಿಗ್ರಿ, ಕೆಳಗೆ 2ರಿಂದ 3 ಮಿ.ಮೀ. ಸಂದು, ಇದು ಸಾಮಾನ್ಯ ಅಳತೆ. ವಿ ಇಲ್ಲದೆ ಒಂದೇ ಕಡೆಯಿಂದ ಎಳೆದ 10 ಮಿ.ಮೀ. ಪ್ಲೇಟಿನ ಜೋಡಣೆಯಲ್ಲಿ ಮೇಲಿನ ಎರಡು ಮೂರು ಮಿ.ಮೀ. ಮಾತ್ರ ಹಿಡಿದಿರುತ್ತದೆ. ಉಳಿದದ್ದು ಆಗಲೇ ಇರುವ ಕ್ರ್ಯಾಕ್ ಅಂತಲೇ ಲೆಕ್ಕ.

ಲ್ಯಾಪ್ ಜಾಯಿಂಟ್‌ನಲ್ಲಿ ಒಂದರ ಮೇಲೊಂದು ಎಷ್ಟು ಹತ್ತಿರಬೇಕು? ಕಟ್ಟಡದ ಉಕ್ಕಿಗೆ ಇರುವ ನಮ್ಮ ದೇಶದ ಸ್ಟ್ಯಾಂಡರ್ಡ್ ಐಎಸ್ 800 ಪ್ರಕಾರ ತೆಳು ಪ್ಲೇಟಿನ ದಪ್ಪದ ನಾಲ್ಕು ಪಟ್ಟು ಅಥವಾ 40 ಮಿ.ಮೀ., ಎರಡರಲ್ಲಿ ಯಾವುದು ಜಾಸ್ತಿಯೋ ಅದು.

ಹಂತ 3: ಎಷ್ಟು ವೆಲ್ಡ್ ಬೇಕು ಅಂತ ಮಾತಾಡಿಕೊಳ್ಳಿ

"ಗಟ್ಟಿ ಮಾಡಿ ಕೊಡಿ" ಅಂದರೆ ಯಾರಿಗೂ ಏನೂ ಹೇಳಿದ ಹಾಗಾಗುವುದಿಲ್ಲ. ಲೆಗ್ ಎಷ್ಟು, ಉದ್ದ ಎಷ್ಟು, ಒಂದು ಕಡೆಯೋ ಎರಡೂ ಕಡೆಯೋ, ಈ ಮೂರು ಹೇಳಿ.

ಐಎಸ್ 800 ಕನಿಷ್ಠ ಅಳತೆ ಕೊಡುತ್ತದೆ. ಕೂಡುವ ಎರಡು ತುಂಡಿನಲ್ಲಿ ದಪ್ಪದ್ದು 10 ಮಿ.ಮೀ. ತನಕ ಇದ್ದರೆ ಕನಿಷ್ಠ 3 ಮಿ.ಮೀ. ಫಿಲೆಟ್. 10ರಿಂದ 20 ಇದ್ದರೆ 5. 20ರಿಂದ 32 ಇದ್ದರೆ 6. ಇದು ಭಾರದ ಲೆಕ್ಕದಿಂದ ಬಂದ ಅಳತೆಯಲ್ಲ. ದಪ್ಪ ಪ್ಲೇಟ್ ಮೇಲೆ ತೀರಾ ಸಣ್ಣ ವೆಲ್ಡ್ ಎಳೆದರೆ ಆ ಪ್ಲೇಟ್ ಶಾಖವನ್ನು ಥಟ್ಟನೆ ಎಳೆದುಕೊಳ್ಳುತ್ತದೆ. ವೆಲ್ಡ್ ಬೇಗ ತಣಿದು ಸೀಳುತ್ತದೆ. ಅದಕ್ಕೇ ಈ ಕನಿಷ್ಠ.

ಉದ್ದದಲ್ಲೂ ಒಂದು ಕಡಿತ ಇದೆ. ಶುರು ಮತ್ತು ಕೊನೆಯ ಜಾಗದಲ್ಲಿ ವೆಲ್ಡ್ ಪೂರ್ತಿ ಅಳತೆಗೆ ಬಂದಿರುವುದಿಲ್ಲ. ಹಾಗಾಗಿ ಒಟ್ಟು ಉದ್ದದಲ್ಲಿ ಲೆಗ್‌ನ ಎರಡು ಪಟ್ಟು ಕಳೆಯುತ್ತಾರೆ. 100 ಮಿ.ಮೀ. ಉದ್ದದ 6 ಮಿ.ಮೀ. ಫಿಲೆಟ್ ಅಂದರೆ ಲೆಕ್ಕಕ್ಕೆ ಸಿಗುವುದು 88 ಮಿ.ಮೀ. ಮಾತ್ರ. ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಕಾರ್ಬನ್ ಕಡಿಮೆ ಇರುವ ಉಕ್ಕು) ಪ್ಲೇಟಿಗೆ ಇದೇ ಸ್ಟ್ಯಾಂಡರ್ಡ್ ಪ್ರಕಾರ ಲೆಕ್ಕ ಹಾಕಿದರೆ ಶಾಪ್‌ನಲ್ಲಿ ಮಾಡಿದ ಈ ಒಂದು ವೆಲ್ಡ್ ಸುಮಾರು 7 ಟನ್ ಎಳೆತ ತಡೆಯಬೇಕು. ಸೈಟ್‌ನಲ್ಲಿ ಮಾಡಿದ್ದಾದರೆ ಸುಮಾರು 6 ಟನ್. ನಾಲ್ಕು ಇಂಚಿನ ವೆಲ್ಡ್ ಇಷ್ಟು ತಡೆಯುತ್ತದೆ ಅಂದರೆ ಎಷ್ಟೋ ಜನ ನಂಬುವುದಿಲ್ಲ. ಹಾಗಿದ್ದರೂ ಟ್ರ್ಯಾಲಿ ಹುಕ್ ಯಾಕೆ ಕಿತ್ತು ಬರುತ್ತದೆ? ಒಂದು, ಆ ಲೆಕ್ಕ ನಿಂತ ಭಾರಕ್ಕೆ. ಗದ್ದೆ ಬದು, ಗುಂಡಿ ರಸ್ತೆಯಲ್ಲಿ ಸಾವಿರ ಸಲ ಜಗ್ಗಿದರೆ ಲೆಕ್ಕ ಬೇರೆ. ಎರಡು, ಆ ಲೆಕ್ಕ ಪೂರ್ತಿ ಫ್ಯೂಷನ್ ಆದ ವೆಲ್ಡ್‌ಗೆ. ಹಿಡಿಯದ ವೆಲ್ಡ್‌ಗೆ ಯಾವ ಲೆಕ್ಕವೂ ಇಲ್ಲ. ಅದಕ್ಕೇ ನಾನು ವೆಲ್ಡ್ ಜಾಸ್ತಿ ಹಾಕಿ ಅನ್ನುವುದಿಲ್ಲ, ಹಾಕಿದ್ದನ್ನು ಸರಿಯಾಗಿ ಹಾಕಿ ಅನ್ನುತ್ತೇನೆ. ಬೇಕಿಲ್ಲದ ಕಡೆ ರಾಡ್ ಸುರಿದರೆ ಶಾಖ ಜಾಸ್ತಿಯಾಗಿ ಚಾನಲ್ ಸೊಟ್ಟ ಆಗುತ್ತದೆ ಅಷ್ಟೇ.

ಹಂತ 4: ರಾಡ್ ಮತ್ತು ಕರೆಂಟ್

ಅಂಗಡಿಯಲ್ಲಿ ರಾಡನ್ನು ನಂಬರ್ ಮೇಲೆ ಕೇಳುತ್ತಾರೆ. 12 ನಂಬರ್ ಅಂದರೆ 2.5 ಮಿ.ಮೀ., 10 ನಂಬರ್ ಅಂದರೆ 3.15, 8 ನಂಬರ್ ಅಂದರೆ 4. ತೆಳು ಸ್ಕ್ವೇರ್ ಪೈಪ್, ಗ್ರಿಲ್‌ಗೆ 12. ಟ್ರ್ಯಾಲಿ ಚಾನಲ್, 6 ಮಿ.ಮೀ. ಪ್ಲೇಟಿಗೆ 10. ಕರೆಂಟ್ ಹೆಚ್ಚು ಕಡಿಮೆ ಹೀಗೆ ಇರಬೇಕು: 12 ನಂಬರಿಗೆ 60ರಿಂದ 90 ಆಂಪಿಯರ್, 10ಕ್ಕೆ 90ರಿಂದ 130, 8ಕ್ಕೆ 140ರಿಂದ 180. ಖಚಿತ ಅಂಕಿ ಆಯಾ ಪ್ಯಾಕೆಟ್ ಮೇಲೆ ಬರೆದಿರುತ್ತದೆ.

ರಾಡ್ ಜಾತಿಯೂ ಮುಖ್ಯ. ಊರಲ್ಲಿ ಸಾಮಾನ್ಯವಾಗಿ ಸಿಗುವುದು ಇ6013. ಮೊದಲ ಎರಡು ಅಂಕಿ ಬಲ ಹೇಳುತ್ತವೆ, ಒಂದು ಚದರ ಇಂಚಿಗೆ 60,000 ಪೌಂಡ್. ಆಮೇಲಿನ 1 ಅಂದರೆ ಮಲಗಿಸಿ, ನಿಲ್ಲಿಸಿ, ತಲೆ ಮೇಲೆ, ಹೀಗೆ ಎಲ್ಲಾ ಪೊಸಿಶನ್‌ನಲ್ಲೂ ಬಳಸಬಹುದು. ಕೊನೆಯ ಅಂಕಿ ಮೇಲಿನ ಲೇಪದ ಜಾತಿ. ಗೇಟ್, ಗ್ರಿಲ್, ಶೆಡ್, ಸಾಮಾನ್ಯ ಟ್ರ್ಯಾಲಿ ಬಾಡಿಗೆ ಇದು ಸಾಕು. ಜಗ್ಗಾಟ ಜಾಸ್ತಿ ಇರುವ ಕಡೆ, ದಪ್ಪ ಪ್ಲೇಟಿಗೆ, ಎಳೆಯುವ ಹುಕ್‌ಗೆ ಇ7018 ಕೇಳಿ. ಅದು ಲೋ ಹೈಡ್ರೋಜನ್ ರಾಡ್, ಕ್ರ್ಯಾಕ್ ಬರುವುದು ಕಡಿಮೆ. ಆದರೆ ಅದಕ್ಕೆ ಒಂದು ಶರತ್ತು ಇದೆ, ರಾಡ್ ಒಣಗಿರಬೇಕು. ಮಳೆಗಾಲದಲ್ಲಿ ಪ್ಯಾಕೆಟ್ ಒಡೆದು ಬೆಂಚ್ ಮೇಲೆ ಇಟ್ಟ 7018 ಗಾಳಿಯ ತೇವ ಕುಡಿಯುತ್ತದೆ. ಆ ತೇವದ ಹೈಡ್ರೋಜನ್ ವೆಲ್ಡ್ ಒಳಗೆ ಸೇರಿ ಗಂಟೆಗಳ ನಂತರ, ಕೆಲವು ಸಲ ಮರುದಿನ, ಕ್ರ್ಯಾಕ್ ಬಿಡಿಸುತ್ತದೆ. ದೊಡ್ಡ ಪ್ಲಾಂಟ್‌ಗಳಲ್ಲಿ ಇದನ್ನು ಓವನ್‌ನಲ್ಲಿ ಕಾಯಿಸಿ, ಬಿಸಿ ಡಬ್ಬಿಯಲ್ಲೇ ಇಟ್ಟುಕೊಂಡು ಬಳಸುತ್ತಾರೆ. ಶಾಪ್‌ನಲ್ಲಿ ಓವನ್ ಇಲ್ಲದಿದ್ದರೆ ಹೊಸ ಪ್ಯಾಕೆಟ್ ಎದುರಿಗೆ ಒಡೆಸಿ, ಬೇಕಾದಷ್ಟೇ ಬಳಸಿ.

ವೋಲ್ಟೇಜ್ ನಮ್ಮ ಕಡೆ ಇನ್ನೊಂದು ತಲೆನೋವು. ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್‌ಗೆ ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ. ರಾಡ್ ಪದೇ ಪದೇ ಪ್ಲೇಟಿಗೆ ಅಂಟಿಕೊಳ್ಳುತ್ತದೆ, ಲೋಹ ಮೇಲೆ ಕೂರುತ್ತದೆ, ಕೆಳಗೆ ಇಳಿಯುವುದಿಲ್ಲ. ಅಂಥ ಹೊತ್ತಲ್ಲಿ ಹುಕ್ ಕೆಲಸ ಮಾಡಿಸಬೇಡಿ, ಕಾಯಿರಿ. ಕರೆಂಟ್ ಸರಿ ಇದೆಯೇ ಅಂತ ಕಿವಿಯಲ್ಲೇ ಗೊತ್ತಾಗುತ್ತದೆ. ಬಾಣಲೆಯಲ್ಲಿ ಮಿರ್ಚಿ ಬೇಯುವಾಗ ಬರುವ ಹಾಗೆ ಒಂದೇ ಸಮನೆ ಸದ್ದು ಬಂದರೆ ಆರ್ಕ್ ಸರಿ ಇದೆ. ಚಟಪಟ ಸಿಡಿದು ನಿಂತು ನಿಂತು ಬಂದರೆ ಕರೆಂಟ್ ಇಲ್ಲವೇ ಆರ್ಕ್ ಉದ್ದ ತಪ್ಪಿದೆ. ರಾಡ್ ತುದಿಗೂ ಪ್ಲೇಟಿಗೂ ಇರುವ ಅಂತರ ರಾಡ್ ದಪ್ಪದಷ್ಟೇ ಇರಬೇಕು.

ಟ್ರ್ಯಾಕ್ಟರ್ ಮೇಲೆಯೇ ವೆಲ್ಡ್ ಮಾಡಿಸುವುದಾದರೆ ಮೊದಲು ಬ್ಯಾಟರಿ ವೈರ್ ಬಿಚ್ಚಿಸಿ. ಅರ್ಥ್ ಕ್ಲ್ಯಾಂಪ್ ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿಸಿ. ದೂರ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದನ್ನು ಸುಡುತ್ತದೆ. ಮಾಸ್ಕ್ ಇಲ್ಲದೆ ನೀವೂ ನೋಡಬೇಡಿ, ಮಕ್ಕಳನ್ನೂ ಹತ್ತಿರ ಬಿಡಬೇಡಿ. ಆರ್ಕ್ ಬೆಳಕಿನ ಪೆಟ್ಟು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ, ರಾತ್ರಿ ಕಣ್ಣು ಚುಚ್ಚಿ ನೀರು ಸುರಿಯತೊಡಗುತ್ತದೆ.

ಹಂತ 5: ಸ್ಲ್ಯಾಗ್ ತೆಗೆಸಿ, ನೋಡಿ

ಇದೇ ಮುಖ್ಯ ಹಂತ, ಇಲ್ಲಿ ಅವಸರ ಬೇಡ. ವೆಲ್ಡ್ ಮೇಲೆ ಕೂರುವ ಗಾಜಿನಂಥ ಕಪ್ಪು ಪೊರೆ ಸ್ಲ್ಯಾಗ್. ಚಿಪ್ಪಿಂಗ್ ಹ್ಯಾಮರ್‌ನಲ್ಲಿ ಅದನ್ನು ಪೂರ್ತಿ ತೆಗೆದು ವೈರ್ ಬ್ರಶ್ ಹಾಕಿಸಿ. ಒಂದರ ಮೇಲೊಂದು ಎರಡು ಮೂರು ಪಾಸ್ (ವೆಲ್ಡ್ ಸಾಲು) ಇರುವ ಕೆಲಸದಲ್ಲಿ ಪ್ರತಿ ಪಾಸ್ ನಂತರವೂ ಇದು ಆಗಬೇಕು. ಇಲ್ಲವಾದರೆ ಹಿಂದಿನ ಸ್ಲ್ಯಾಗ್ ಒಳಗೇ ಹೂತುಹೋಗುತ್ತದೆ. ಈಗಲೇ ಗ್ರೈಂಡ್ ಮಾಡಿ ನುಣ್ಣಗೆ ಮಾಡಲು ಬಿಡಬೇಡಿ. ಗ್ರೈಂಡ್ ಆದ ವೆಲ್ಡ್ ಎಲ್ಲವೂ ಚೆಂದವೇ ಕಾಣುತ್ತದೆ, ಥ್ರೋಟೂ ಸವೆಯುತ್ತದೆ.

ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಆಗ ತಗ್ಗು ಉಬ್ಬುಗಳ ನೆರಳು ಬಿದ್ದು ಎದ್ದು ಕಾಣುತ್ತವೆ. ಒಂದು ತುದಿಯಿಂದ ಶುರು ಮಾಡಿ ಮೊದಲು ಮೇಲಿನ ಟೋ ಗೆರೆಯ ಗುಂಟ ಹೋಗಿ, ಆಮೇಲೆ ಕೆಳಗಿನ ಟೋ, ಕೊನೆಗೆ ಫೇಸ್. ಕಣ್ಣು ತಾನಾಗಿಯೇ ಫೇಸ್ ಮೇಲೆ ಓಡುತ್ತದೆ, ಅಲೆ ಅಲೆ ಸಮ ಇದ್ದರೆ ಮನಸ್ಸು ಒಪ್ಪಿಬಿಡುತ್ತದೆ. ಆದರೆ ದೋಷ ಜಾಸ್ತಿ ಇರುವುದು ಟೋ ಗೆರೆಯಲ್ಲಿ.

ಟೋ ಪಕ್ಕದಲ್ಲಿ ಪ್ಲೇಟ್ ಕರಗಿ ತಗ್ಗು ಬಿದ್ದು, ಅದು ತುಂಬದೆ ಉಳಿದಿದ್ದರೆ ಅದು ಅಂಡರ್‌ಕಟ್. ಕರೆಂಟ್ ಜಾಸ್ತಿ, ಆರ್ಕ್ ಉದ್ದ, ಕೈ ಓಟ ಜೋರು, ಇವೇ ಕಾರಣ. ಉಗುರನ್ನು ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಳೆಯಬೇಕಾದ ಅಂಡರ್‌ಕಟ್ ಅದು. ಅಮೆರಿಕದ ವೆಲ್ಡಿಂಗ್ ಕೋಡ್ ಎಡಬ್ಲ್ಯೂಎಸ್ ಡಿ1.1 ನಿಂತ ಭಾರದ ರಚನೆಗೆ, 25 ಮಿ.ಮೀ.ಗಿಂತ ತೆಳು ಪ್ಲೇಟಿಗೆ ಸಾಮಾನ್ಯವಾಗಿ 1 ಮಿ.ಮೀ. ತನಕ ಒಪ್ಪುತ್ತದೆ. ಮತ್ತೆ ಮತ್ತೆ ಜಗ್ಗುವ ಮುಖ್ಯ ಭಾಗದಲ್ಲಿ, ಎಳೆತಕ್ಕೆ ಅಡ್ಡಲಾಗಿ ಇದ್ದರೆ ಕಾಲು ಮಿ.ಮೀ. ಮಾತ್ರ. ಅಂದರೆ ಅದೇ ತಗ್ಗು ಗೇಟಿನಲ್ಲಿ ಇದ್ದರೆ ಬಿಡಬಹುದು, ಟ್ರ್ಯಾಲಿ ಹುಕ್‌ನಲ್ಲಿ ಬಿಡಬಾರದು.

ಅದರ ಉಲ್ಟಾ ಓವರ್‌ಲ್ಯಾಪ್. ಲೋಹ ಪ್ಲೇಟ್ ಮೇಲೆ ಹರಿದು ದುಂಡಗೆ ಕೂತಿರುತ್ತದೆ, ಆದರೆ ಹಿಡಿದಿರುವುದಿಲ್ಲ. ಟೋ ಹತ್ತಿರ ನೋಡಿದರೆ ವೆಲ್ಡ್ ಪ್ಲೇಟಿನೊಳಗೆ ಇಳಿಜಾರಾಗಿ ಸೇರುವ ಬದಲು ಅಂಚು ಮಡಿಸಿ ನಿಂತಿರುತ್ತದೆ. ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮೋಸದ ದೋಷ. ಯಾಕೆಂದರೆ ನೋಡಲು ದಪ್ಪ, ತುಂಬು, "ಗಟ್ಟಿ" ಕಾಣುತ್ತದೆ. ಕರೆಂಟ್ ಕಡಿಮೆ ಇದ್ದಾಗ, ವೋಲ್ಟೇಜ್ ಇಳಿದಾಗ ಬರುವುದು ಇದೇ. ಇದು ಎಷ್ಟು ಸಣ್ಣದಿದ್ದರೂ ಒಪ್ಪಬೇಡಿ.

ಫೇಸ್ ಮೇಲೆ ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಪೊರಾಸಿಟಿ. ತುಕ್ಕು, ಎಣ್ಣೆ, ಹಸಿ ರಾಡ್ ಇದಕ್ಕೆ ಕಾರಣ. ಗ್ಯಾಸ್ ಬಿಟ್ಟು ವೆಲ್ಡ್ ಮಾಡುವ ಸಿಒಟು ಮೆಷಿನ್‌ನಲ್ಲಿ ಆದರೆ ಗಾಳಿಯೂ ಕಾರಣ. ಬಯಲಲ್ಲಿ ಬೀಸುವ ಗಾಳಿ ವೆಲ್ಡ್ ಕಾಯುವ ಶೀಲ್ಡಿಂಗ್ ಗ್ಯಾಸನ್ನು ಹಾರಿಸಿಕೊಂಡು ಹೋಗುತ್ತದೆ. ಮೇಲೆ ಒಂದೆರಡು ತೂತು ಕಂಡರೆ ಒಳಗೆ ಇನ್ನಷ್ಟು ಇರಬಹುದು. ನೀರಿನ ಟ್ಯಾಂಕ್ ಆದರೆ ಒಂದನ್ನೂ ಬಿಡುವ ಹಾಗಿಲ್ಲ.

ಕ್ರ್ಯಾಕ್ ಇದ್ದರೆ ಚರ್ಚೆಯೇ ಇಲ್ಲ. ಕೂದಲೆಳೆಯಷ್ಟಿದ್ದರೂ ರಿಜೆಕ್ಟ್, ಎಡಬ್ಲ್ಯೂಎಸ್ ಡಿ1.1 ಕೂಡ ಅದನ್ನು ಒಪ್ಪುವುದಿಲ್ಲ. ಹುಡುಕಬೇಕಾದ ಜಾಗ ಎರಡು. ಒಂದು ಟೋ ಗೆರೆ. ಇನ್ನೊಂದು ವೆಲ್ಡ್ ಮುಗಿದ ತುದಿಯ ಗುಂಡಿ, ಅಂದರೆ ಕ್ರೇಟರ್. ಮೇಸ್ತ್ರಿ ರಾಡನ್ನು ಫಟ್ ಅಂತ ಎತ್ತಿಬಿಟ್ಟರೆ ಗುಂಡಿ ತುಂಬದೆ ಉಳಿದು ಅದರ ನಡುವೆ ನಕ್ಷತ್ರದ ಆಕಾರದಲ್ಲಿ ಸೀಳು ಬರುತ್ತದೆ. ತುದಿಗೆ ಬಂದಾಗ ಒಂದು ಕ್ಷಣ ನಿಂತು, ಸ್ವಲ್ಪ ಹಿಂದಕ್ಕೆ ಬಂದು ರಾಡ್ ಎತ್ತಿದರೆ ಇದು ಬರುವುದಿಲ್ಲ. ಮೂಲೆ ಇದ್ದರೆ ಅಲ್ಲಿ ನಿಲ್ಲಿಸದೆ, ಲೆಗ್‌ನ ಎರಡು ಪಟ್ಟು ಉದ್ದ ಮೂಲೆ ತಿರುಗಿಸಿ ಮುಗಿಸಬೇಕು.

ಸ್ಪ್ಯಾಟರ್, ಅಂದರೆ ಸುತ್ತ ಸಿಡಿದ ಗುಂಡುಗಳು, ನೋಡಲು ಕೆಟ್ಟದಾಗಿದ್ದರೂ ಬಲಕ್ಕೆ ಅಷ್ಟು ತೊಂದರೆ ಇಲ್ಲ. ಕೆರೆದು ತೆಗೆದರೆ ಆಯಿತು. ಸ್ಪ್ಯಾಟರ್ ನೋಡಿ ಬೈದು, ಓವರ್‌ಲ್ಯಾಪ್ ನೋಡಿ ಹೊಗಳುವವರು ಬಹಳ ಜನ.

ಗೇಟ್, ಶಟರ್ ಫ್ರೇಮ್ ಮಾಡಿಸುವವರು ಟೇಪ್ ಹಿಡಿದು ಎರಡೂ ಕರ್ಣ ಅಳೆಯಿರಿ. ಮೂಲೆಯಿಂದ ಮೂಲೆಗೆ ಎರಡೂ ಅಳತೆ ಒಂದೇ ಬರಬೇಕು. ಟ್ಯಾಕ್ (ತುಂಡು ಅಲುಗಾಡದಂತೆ ಹಿಡಿಯುವ ಸಣ್ಣ ವೆಲ್ಡ್ ಚುಕ್ಕೆ) ಹಾಕಿದಾಗ ಒಮ್ಮೆ, ಪೂರ್ತಿ ವೆಲ್ಡ್ ಆದ ಮೇಲೆ ಒಮ್ಮೆ ಅಳೆಯಿರಿ. ವೆಲ್ಡ್ ತಣಿಯುವಾಗ ಕುಗ್ಗಿ ಎಳೆಯುತ್ತದೆ. ಎಲ್ಲಾ ಮೂಲೆಗೂ ಟ್ಯಾಕ್ ಹಾಕಿ, ಎದುರು ಬದುರು ಮೂಲೆಯಲ್ಲಿ ಸ್ವಲ್ಪ ಸ್ವಲ್ಪ ವೆಲ್ಡ್ ಮಾಡುತ್ತಾ ಹೋದರೆ ಸೊಟ್ಟ ಬರುವುದಿಲ್ಲ.

ಹಂತ 6: ಸಂಶಯ ಇದ್ದರೆ ಪರೀಕ್ಷೆ

ಹೊಸ ಶಾಪ್‌ಗೆ ದೊಡ್ಡ ಕೆಲಸ ಕೊಡುತ್ತಿದ್ದರೆ ಒಂದು ಸ್ಯಾಂಪಲ್ ಮಾಡಿಸಿ. ನಿಮ್ಮ ಕೆಲಸದ್ದೇ ದಪ್ಪದ ಎರಡು ಪ್ಲೇಟ್ ತುಂಡು ತೆಗೆದುಕೊಂಡು ಟಿ ಮಾಡಿ, ಒಂದೇ ಕಡೆ ನಾಲ್ಕು ಇಂಚು ಫಿಲೆಟ್ ಹಾಕಿಸಿ. ನಡುವೆ ಒಂದು ಸಲ ರಾಡ್ ನಿಲ್ಲಿಸಿ ಮತ್ತೆ ಶುರು ಮಾಡಲಿ. ತಣಿದ ಮೇಲೆ ಕೆಳಗಿನ ಪ್ಲೇಟನ್ನು ಭದ್ರ ಹಿಡಿದು, ನಿಂತ ಪ್ಲೇಟಿಗೆ ವೆಲ್ಡ್ ಇಲ್ಲದ ಕಡೆಯಿಂದ ಸುತ್ತಿಗೆಯಲ್ಲಿ ಹೊಡೆಯಿರಿ. ಪ್ಲೇಟ್ ವೆಲ್ಡ್ ಇರುವ ಕಡೆಗೆ ಬಾಗುತ್ತದೆ, ರೂಟ್ ಬಾಯಿ ಬಿಡಲು ನೋಡುತ್ತದೆ. ಪೂರ್ತಿ ಮಲಗಿದರೂ ಮುರಿಯದಿದ್ದರೆ ಪಾಸ್. ಮುರಿದರೆ ಬಿಸಾಡಬೇಡಿ, ಮುರಿದ ಮುಖವನ್ನು ಬಿಸಿಲಿಗೆ ಹಿಡಿಯಿರಿ. ಪೂರ್ತಿ ಒರಟಾಗಿ ಬೂದುಬಣ್ಣ ಇದ್ದರೆ ಹಿಡಿದಿತ್ತು, ಬಲ ಮೀರಿ ಹರಿದಿದೆ. ರೂಟ್ ಕಡೆ ಪ್ಲೇಟಿನ ಹಳೆಯ ಚೌಕ ಅಂಚು ಗ್ರೈಂಡರ್ ಗೆರೆ ಸಮೇತ ಹಾಗೇ ಕಂಡರೆ ಅಲ್ಲಿ ಕರಗಿಯೇ ಇಲ್ಲ. ಕಪ್ಪು ಗಾಜಿನ ಚೂರು ಕಂಡರೆ ಸ್ಲ್ಯಾಗ್. ದುಂಡು ತೂತು ಕಂಡರೆ ಗ್ಯಾಸ್, ಅದು 2.5 ಮಿ.ಮೀ.ಗಿಂತ ದೊಡ್ಡದಿದ್ದರೆ ಫೇಲ್. ಮೇಸ್ತ್ರಿ ಮತ್ತು ನೀವು ಇಬ್ಬರೂ ಕೂತು ಇದನ್ನು ಒಟ್ಟಿಗೆ ನೋಡಿ. ಒಳ್ಳೆಯ ವೆಲ್ಡರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕರೆಂಟ್ ಹತ್ತು ಆಂಪಿಯರ್ ಏರಿಸಿ ಇನ್ನೊಂದು ಮಾಡಿ ತೋರಿಸುತ್ತಾರೆ.

ನೀರಿನ ಟ್ಯಾಂಕ್‌ಗೆ ಸುಣ್ಣದ ಪರೀಕ್ಷೆ ಇದೆ. ಹೊರಗಿನ ವೆಲ್ಡ್ ಗುಂಟ ಸುಣ್ಣ ಬಳಿದು ಒಣಗಿಸಿ. ಒಳಗಿನಿಂದ ಅದೇ ಜಾಗಕ್ಕೆ ಸೀಮೆಎಣ್ಣೆ ಸವರಿ, ಅದು ಸಿಗದಿದ್ದರೆ ಡೀಸೆಲ್. ಸ್ವಲ್ಪ ಹೊತ್ತು ಬಿಡಿ. ತೂತು ಇದ್ದ ಕಡೆ ಬಿಳಿ ಸುಣ್ಣದ ಮೇಲೆ ಎಣ್ಣೆ ಕಲೆ ಎದ್ದು ಬರುತ್ತದೆ. ಅದಕ್ಕೆ ಗುರುತು ಹಾಕಿ, ಎಣ್ಣೆಯನ್ನು ಪೂರ್ತಿ ತೊಳೆದು ಒಣಗಿಸಿದ ಮೇಲೆಯೇ ರಿಪೇರಿಗೆ ಕೊಡಿ. ಡೀಸೆಲ್, ಪೆಟ್ರೋಲ್ ತುಂಬಿದ್ದ ಟ್ಯಾಂಕ್ ಅಥವಾ ಡ್ರಮ್ ಖಾಲಿ ಇದೆ ಅಂತ ವೆಲ್ಡ್‌ಗೆ ತರಬೇಡಿ. ಒಳಗಿನ ಆವಿಯೇ ಸಿಡಿಯುತ್ತದೆ, ಇದರಲ್ಲಿ ಪ್ರಾಣ ಹೋಗುತ್ತದೆ.

ಕ್ರ್ಯಾಕ್ ಸಂಶಯ ಇದ್ದರೆ ಡೈ ಪೆನಿಟ್ರಂಟ್ ಅನ್ನುವ ಮೂರು ಸ್ಪ್ರೇ ಡಬ್ಬಿಗಳ ಸೆಟ್ ಸಿಗುತ್ತದೆ. ಕ್ಲೀನರ್ ಹಾಕಿ ಒರೆಸಿ, ಕೆಂಪು ಬಣ್ಣ ಹೊಡೆದು ಸುಮಾರು ಹತ್ತು ನಿಮಿಷ ಬಿಡಿ. ಮೇಲಿನ ಕೆಂಪನ್ನು ಬಟ್ಟೆಯಲ್ಲಿ ಒರೆಸಿ ತೆಗೆದು ಬಿಳಿ ಡೆವಲಪರ್ ಹೊಡೆಯಿರಿ. ಸೀಳಿನೊಳಗೆ ಉಳಿದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಇದು ಮೇಲ್ಮೈಗೆ ಬಾಯಿ ತೆರೆದ ದೋಷವನ್ನು ಮಾತ್ರ ತೋರಿಸುತ್ತದೆ. ಒಳಗಿನದು ಬೇಕಾದರೆ ಅಲ್ಟ್ರಾಸೋನಿಕ್ (ಶಬ್ದದ ಅಲೆ ಬಿಟ್ಟು ನೋಡುವುದು) ಅಥವಾ ರೇಡಿಯೋಗ್ರಫಿ (ಎಕ್ಸ್ ರೇ ಥರ ಫೋಟೋ ತೆಗೆಯುವುದು). ಶಕ್ತಿನಗರ, ಕುಡತಿನಿ, ಯರಮರಸ್ ಥರದ ಥರ್ಮಲ್ ಪ್ಲಾಂಟ್‌ಗಳಲ್ಲಿ ಬಾಯ್ಲರ್ ಟ್ಯೂಬ್ ಜಾಯಿಂಟ್‌ಗೆ ರೇಡಿಯೋಗ್ರಫಿ ಮಾಮೂಲು. ಅಂಥ ಕೆಲಸಕ್ಕೆ ಹೋಗುವ ಹುಡುಗರಿಗೆ 6ಜಿ ಟೆಸ್ಟ್ ಇರುತ್ತದೆ. ಪೈಪನ್ನು 45 ಡಿಗ್ರಿ ಓರೆ ಕಟ್ಟಿ, ತಿರುಗಿಸದೆ ಸುತ್ತ ವೆಲ್ಡ್ ಮಾಡಬೇಕು. ಅಕ್ಕಿ ಗಿರಣಿ ಮಾಲೀಕರಿಗೆ ಒಂದು ಮಾತು: ಕುಚಲಕ್ಕಿ ಬಾಯ್ಲರ್ ಮತ್ತು ಸ್ಟೀಮ್ ಲೈನ್ ರಿಪೇರಿಗೆ ಬಾಯ್ಲರ್ ನಿಯಮದ ಪ್ರಕಾರ ಸರ್ಟಿಫಿಕೇಟ್ ಇರುವ ವೆಲ್ಡರ್ ಬೇಕು. ರಸ್ತೆ ಪಕ್ಕದ ಶಾಪ್‌ನವರು ಎಷ್ಟೇ ಕೈಚಳಕದವರಾದರೂ ಅದನ್ನು ಅವರಿಗೆ ಕೊಡಬೇಡಿ.

ಹಂತ 7: ರಿಪೇರಿ ಮಾಡಿಸುವಾಗ

ಕ್ರ್ಯಾಕ್ ಬಂದ ವೆಲ್ಡ್ ಮೇಲೆ ಇನ್ನೊಂದು ವೆಲ್ಡ್ ಎಳೆಯುವುದು ರಿಪೇರಿ ಅಲ್ಲ. ಕೆಳಗಿನ ಸೀಳು ಹಾಗೇ ಉಳಿದು ಮತ್ತೆ ಮೇಲೆ ಬರುತ್ತದೆ. ಸೀಳಿನ ಎರಡು ತುದಿ ಹುಡುಕಿ, ಪ್ಲೇಟಿಗೆ ಹಬ್ಬಿದ್ದರೆ ತುದಿಯಲ್ಲಿ ಸಣ್ಣ ತೂತು ಕೊರೆಸಿ. ಅದು ಅಲ್ಲಿಂದ ಮುಂದೆ ಓಡುವುದನ್ನು ತಡೆಯುತ್ತದೆ. ಆಮೇಲೆ ಗ್ರೈಂಡರ್‌ನಲ್ಲಿ ಸೀಳು ಪೂರ್ತಿ ಮಾಯ ಆಗುವ ತನಕ ವಿ ತೆಗೆಸಿ, ನಂತರ ತುಂಬಿಸಿ.

ಕಲ್ಟಿವೇಟರ್ ಕುಳ, ರೋಟವೇಟರ್ ಬ್ಲೇಡ್, ಲೀಫ್ ಸ್ಪ್ರಿಂಗ್ ಇವು ಎಂಎಸ್ ಅಲ್ಲ, ಕಾರ್ಬನ್ ಜಾಸ್ತಿ ಇರುವ ಉಕ್ಕು. ಗ್ರೈಂಡರ್ ತಾಗಿಸಿ ಕಿಡಿ ನೋಡಿ. ಎಂಎಸ್ ಕಿಡಿ ಉದ್ದ ಗೆರೆಗಳಾಗಿ ಹೋಗುತ್ತದೆ, ಕಾರ್ಬನ್ ಜಾಸ್ತಿ ಇದ್ದರೆ ತುದಿಯಲ್ಲಿ ಪೊದೆ ಪೊದೆಯಾಗಿ ಒಡೆಯುತ್ತದೆ. ಇಂಥದ್ದನ್ನು ಮೊದಲು ಕಾಯಿಸಿ, 7018ನಲ್ಲಿ ವೆಲ್ಡ್ ಮಾಡಿ, ಒಣ ಬೂದಿಯಲ್ಲಿ ಹೂತು ನಿಧಾನ ತಣಿಸಬೇಕು. ಬೇಗ ಆಗಲಿ ಅಂತ ನೀರು ಹೊಯ್ದರೆ ಹಾಝ್ ಪಟ್ಟಿ ಗಾಜಿನಷ್ಟು ಪೆಡಸಾಗಿ ಮೊದಲ ಕಲ್ಲಿಗೇ ಮುರಿಯುತ್ತದೆ. ಲೀಫ್ ಸ್ಪ್ರಿಂಗನ್ನಂತೂ ವೆಲ್ಡ್ ಮಾಡಿಸಲೇಬೇಡಿ, ಬದಲಾಯಿಸಿ. ಪಂಪ್ ಬಾಡಿಯಂಥ ಬೀಡು ಕಬ್ಬಿಣಕ್ಕೆ ನಿಕಲ್ ರಾಡ್ ಬೇಕು. ಒಂದೊಂದೇ ಇಂಚು ವೆಲ್ಡ್ ಮಾಡಿ, ಹಗುರ ತಟ್ಟಿ, ಆರಿದ ಮೇಲೆ ಮುಂದಿನದು. ಇದಕ್ಕೆ ತಾಳ್ಮೆ ಇರುವ ಮೇಸ್ತ್ರಿಯನ್ನೇ ಹುಡುಕಿ, ಕೂಲಿ ಜಾಸ್ತಿ ಕೇಳಿದರೂ ಕೊಡಿ.

ಎಲ್ಲಾ ಸರಿ ಅನ್ನಿಸಿದ ಮೇಲೆ ಬಣ್ಣ. ಹುಕ್, ಆಕ್ಸಲ್ ಬ್ರ್ಯಾಕೆಟ್, ಜ್ಯಾಕ್ ಕೂರುವ ಜಾಗ, ಈ ಮೂರು ಕಡೆಯ ವೆಲ್ಡ್‌ಗಳ ಫೋಟೋ ಬಣ್ಣಕ್ಕೆ ಮುಂಚೆ ಮೊಬೈಲ್‌ನಲ್ಲಿ ತೆಗೆದಿಡಿ. ಮೊದಲ ಹತ್ತು ಲೋಡ್ ಆದ ಮೇಲೆ ಅದೇ ಜಾಗಗಳನ್ನು ತೊಳೆದು ನೋಡಿ. ಬಣ್ಣದ ಮೇಲೆ ಟೋ ಗುಂಟ ತುಕ್ಕಿನ ಸಣ್ಣ ಗೆರೆ ಎದ್ದಿದ್ದರೆ ಕೆಳಗೆ ಸೀಳು ಬಿಟ್ಟಿದೆ ಅಂತ ತಿಳಿಯಿರಿ. ಟ್ರ್ಯಾಲಿಯನ್ನು ಅವತ್ತೇ ಲೋಡ್‌ನಿಂದ ಇಳಿಸಿ, ಫೋಟೋ ಸಮೇತ ಶಾಪ್‌ಗೆ ಒಯ್ಯಿರಿ.